ಸುಸ್ಥಿರ ಪ್ರವಾಸೋದ್ಯಮದ ಅನುದಾನ: ಒಂದೇ ಯೋಜನೆಗೋ, ಹತ್ತು ಊರುಗಳಿಗೋ?

ಅನುದಾನವನ್ನು ಒಂದೇ ದೊಡ್ಡ ಯೋಜನೆಗೆ ಕೊಡಬೇಕೆ, ಹತ್ತು ಊರುಗಳಿಗೆ ಹಂಚಬೇಕೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ನಾನಿದ್ದ ಆಯ್ಕೆ ಸಮಿತಿ ಇದೇ ಪ್ರಶ್ನೆಯ ಮೇಲೆ ಜಗಳವಾಡಿತ್ತು. ನಾನು ಹಂಚುವ ಪಕ್ಷ; ಗೆದ್ದದ್ದೂ ನಮ್ಮದೇ ಪಕ್ಷ.

ಹಾಗೆ ಹಂಚಿದ ಹಣದಲ್ಲಿ ನಗರದ ಹೊರಗಿನ ಬೆಟ್ಟವೊಂದರ ಬುಡದಲ್ಲಿ ಶೌಚಾಲಯ, ಕಸ ವಿಂಗಡಣೆಯ ಶೆಡ್ಡು, ಸೌರ ದೀಪ ಎಲ್ಲ ಎದ್ದು ನಿಂತವು. ಮುಂದಿನ ಮಳೆಗಾಲಕ್ಕೆ ಶೌಚಾಲಯಕ್ಕೆ ಬೀಗ, ಶೆಡ್ಡಿನಲ್ಲಿ ಯಾರದೋ ಹುಲ್ಲಿನ ಹೊರೆ.

ಎಡವಿದ್ದು ಲೆಕ್ಕ ಶೀರ್ಷಿಕೆಯಲ್ಲಿ, ಹಣ ಯಾವ ಬಾಬ್ತಿನದು ಎಂಬಲ್ಲಿ. ಹಣ ಬಂಡವಾಳ ವೆಚ್ಚದಡಿ ಮಂಜೂರಾಗಿತ್ತು. ಅಂದರೆ ಕಟ್ಟಬಹುದು, ಕೊಳ್ಳಬಹುದು, ಸಂಬಳ ಕೊಡುವಂತಿಲ್ಲ. ತೊಳೆಯುವವರ ಕೂಲಿ, ಪಂಪಿನ ವಿದ್ಯುತ್ ಬಿಲ್ಲು, ಟ್ಯಾಂಕರ್ ನೀರು ಎಲ್ಲವೂ ರಾಜಸ್ವ ವೆಚ್ಚ, ದಿನನಿತ್ಯ ನಡೆಸುವ ಖರ್ಚು. ಅದಕ್ಕೆ ಬೇರೆಯೇ ಮಂಜೂರಾತಿ ಬೇಕು. ಅರ್ಜಿಯಲ್ಲಿ ‘ನಿರ್ವಹಣೆಯನ್ನು ಗ್ರಾಮ ಪಂಚಾಯಿತಿ ವಹಿಸಿಕೊಳ್ಳುತ್ತದೆ’ ಎಂಬ ಸಾಲು ಕಂಡು ಪೂರ್ತಿ ಅಂಕ ಹಾಕಿದವನು ನಾನು. ಪಂಚಾಯಿತಿಯ ಠರಾವು ಎಲ್ಲಿ, ಪಾರ್ಕಿಂಗ್ ಶುಲ್ಕ ಯಾರ ಖಾತೆಗೆ ಹೋಗುತ್ತದೆ ಎಂದು ಕೇಳಲೇ ಇಲ್ಲ. ಅದು ಹೋಗುತ್ತಿದ್ದದ್ದು ಗುತ್ತಿಗೆದಾರನ ಜೇಬಿಗೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸು ಹೋಗುತ್ತದೆ ಎಂಬ ಅವಸರ ಬೇರೆ. ಬಳಕೆ ಪ್ರಮಾಣಪತ್ರ ಮಾತ್ರ ಬಲು ಚೊಕ್ಕವಾಗಿತ್ತು: ಹಣ ಪೂರ್ತಿ ಬಳಕೆಯಾಗಿದೆ! ಬೀಗದ ಸುದ್ದಿ ಮೇಲಕ್ಕೆ ಹೋದ ಮೇಲೆ ಎರಡನೆಯ ಹಂತವೇ ನಿಂತಿತು. ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯರ ಒಳ್ಳೆಯ ಅರ್ಜಿಯೊಂದು ಅದರ ಜೊತೆಗೇ ಮುಳುಗಿತು. ನನಗೆ ಇಂದಿಗೂ ಚುಚ್ಚುವುದು ಅದೇ.

ಆದ್ದರಿಂದ ಒಂದೋ ಹತ್ತೋ ಎಂಬ ಚರ್ಚೆಯನ್ನೇ ಬಿಡಿ. ಉದ್ಘಾಟನೆಯ ಮರುವರ್ಷ ಕೂಲಿ ಕೊಡುವವರು ಯಾರು ಎಂಬುದಕ್ಕೆ ಉತ್ತರವಿಲ್ಲದ ಅರ್ಜಿ ಎಷ್ಟೇ ಹಸಿರಾಗಿದ್ದರೂ ತಳ್ಳಿಹಾಕಿ. ಕಟ್ಟುವುದಕ್ಕಿಂತ ಜನರನ್ನು ಮಿತಿಯಲ್ಲಿಡುವುದೇ ಎಷ್ಟೋ ಕಡೆ ಅಗ್ಗ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಚಾರಣಿಗರು ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂದು, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಅದಕ್ಕೆ ಒಂದು ಚೀಲ ಸಿಮೆಂಟೂ ಬೇಕಾಗಲಿಲ್ಲ. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ತಿರುವುಗಳಲ್ಲಿ ಸಿಕ್ಕಿಕೊಂಡವರು ಯಾರೂ ಇನ್ನೊಂದು ವೀಕ್ಷಣಾ ಗೋಪುರ ಕೇಳುವುದಿಲ್ಲ.

ಕಟ್ಟಲೇಬೇಕಾದರೆ ಕೊನೆಯ ಕಂತನ್ನು ಒಂದು ವರ್ಷ ತಡೆಹಿಡಿಯಿರಿ. ಶೌಚಾಲಯ ತೆರೆದಿದ್ದು ನಲ್ಲಿಯಲ್ಲಿ ನೀರು ಬಂದರೆ ಮಾತ್ರ ಬಿಡುಗಡೆ ಮಾಡಿ. ಮಾರ್ಚ್ ಗಡುವು ಅಡ್ಡ ಬರುತ್ತದೆ ಎಂದು ಲೆಕ್ಕಾಧಿಕಾರಿ ಹೇಳಿಯೇ ಹೇಳುತ್ತಾರೆ. ಮುಂದಿನ ಆಯವ್ಯಯದಲ್ಲಿ ಅದನ್ನು ಮುಂದುವರಿದ ಕಾಮಗಾರಿ ಎಂದು ತೋರಿಸುವಂತೆ ಅವರಿಗೆ ಈಗಲೇ ಬರೆದು ಕೊಡಿ, ಸ್ವೀಕೃತಿಯ ಸಹಿ ಪಡೆಯದೆ ಅಲ್ಲಿಂದ ಏಳಬೇಡಿ.