ಊರು ಇದೆಯೋ, ಇತ್ತೋ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವ ಎಲ್ಲರಿಗೂ ಮೊದಲ ದಿನ ಕೇಳುವ ಹಾಗೆ ಅವಳಿಗೂ ಕೇಳಿದೆ, "ನಿಮ್ಮೂರು ಯಾವುದು?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರು ಇದೆ ಅನ್ನಬೇಕಾ ಮೇಡಂ, ಇತ್ತು ಅನ್ನಬೇಕಾ?" ಅಂದಳು.

ಮಣಿಪುರದ ಹುಡುಗಿ. ಬೆಂಗಳೂರಿಗೆ ಬಂದು ಕೆಲವು ವರ್ಷ ಆಗಿದೆ, ಕನ್ನಡ ಚೆನ್ನಾಗಿ ಬರುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಲ್ಲಿ ಗಲಭೆಯಲ್ಲಿ ಎದುರುಬದುರಾದ ಎರಡು ಸಮುದಾಯಗಳಲ್ಲಿ ಅವಳು ಯಾವುದು, ಮೈತೇಯಿಯೋ ಕುಕಿಯೋ, ಅನ್ನುವುದನ್ನು ಬೇಕೆಂದೇ ಬರೆದಿಲ್ಲ. ಅದು ಗೊತ್ತಾದ ಕೂಡಲೇ ನಾವು ಅವಳ ಮಾತು ಬಿಟ್ಟು ತಪ್ಪು ಯಾರದ್ದು ಅಂತ ಲೆಕ್ಕ ಹಾಕಲು ಕೂರುತ್ತೇವೆ, ಅಲ್ವಾ?

2023ರ ಮೇ 3ರಂದು ಗಲಭೆ ಶುರುವಾದಾಗ ಅವಳು ಇಲ್ಲಿ ಆಫೀಸಿನಲ್ಲಿದ್ದಳು. ಅಲ್ಲಿ ಇಂಟರ್ನೆಟ್ ನಿಂತುಹೋಯಿತು. ಅಪ್ಪ ಅಮ್ಮ ರಾತ್ರಿಯೇ ಊರು ಬಿಟ್ಟಿದ್ದಾರೆ ಅಂತ ತಿಳಿಯುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮನೆ ಬಿಟ್ಟು ಓಡಿದ 60,000ಕ್ಕೂ ಹೆಚ್ಚು ಜನರಲ್ಲಿ ಅವರೂ ಸೇರಿದರು. ಈಗ ಪರಿಹಾರ ಶಿಬಿರದಲ್ಲಿದ್ದಾರೆ. ಊರು ಬಫರ್ ವಲಯದ, ಅಂದರೆ ಎರಡು ಕಡೆಯವರ ನಡುವೆ ಭದ್ರತಾ ಪಡೆಗಳು ಕಾಯುವ ಪಟ್ಟಿಯ, ಆಚೆಗೆ ಉಳಿಯಿತು.

ಅವಳ ದೂರು ನಿದ್ದೆಯದು. ರಾತ್ರಿ ಮೊಬೈಲಿನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ತಮ್ಮ ಮನೆ ಹುಡುಕುತ್ತಾಳೆ. ಚಿತ್ರ ಗಲಭೆಗೆ ಮುಂಚಿನದು. ಅದರಲ್ಲಿ ತಗಡಿನ ಮಾಡು ಇನ್ನೂ ಹೊಳೆಯುತ್ತಿದೆ. ಆಮೇಲೆ ಅದೇ ಊರು ಉರಿಯುವ ವಿಡಿಯೊ ನೋಡುತ್ತಾಳೆ. ಹೀಗೇ ಬೆಳಗಾಗುತ್ತದೆ.

ನಾನು ಒಂದು ತಪ್ಪು ಮಾಡಿದೆ. "ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳಬಹುದಲ್ಲ?" ಅಂದುಬಿಟ್ಟೆ. ಮುಂದಿನ ವಾರ ಅವಳು ಬರಲೇ ಇಲ್ಲ. ಸಾವಿನ ಮನೆಗೆ ಹೋಗಿ ಮುಂದಿನ ಮದುವೆ ಮಾತು ತೆಗೆದ ಹಾಗಾಗಿತ್ತು. ಮನುಷ್ಯ ಹೋದರೆ ಅಳಲು ದಿನ ಇದೆ, ತಿಥಿ ಇದೆ, ನಾಲ್ಕು ಜನ ಬರುತ್ತಾರೆ. ಊರು ಹೋದರೆ ಯಾರು ಬರುತ್ತಾರೆ? ಅದೂ ಪೂರ್ತಿ ಹೋಗಿಲ್ಲ, ಮ್ಯಾಪಿನಲ್ಲಿ ಇದೆ. ಇಂಥ ದುಃಖ ಮುಗಿಯುವುದಕ್ಕೂ ಜಾಗ ಸಿಗದೆ ಒದ್ದಾಡುತ್ತದೆ.

ಮತ್ತೆ ಬಂದಾಗ ಕ್ಷಮೆ ಕೇಳಿದೆ. ಮರೆತುಬಿಡು ಅನ್ನಲಿಲ್ಲ. ಮ್ಯಾಪ್ ನೋಡು, ಆದರೆ ಹಗಲು ಹೊತ್ತು, ಹತ್ತು ನಿಮಿಷ ಅಂದೆ. ವಿಡಿಯೊ ಅಳಿಸಲು ಮನಸ್ಸಿಲ್ಲದಿದ್ದರೆ ಗೆಳತಿಯ ಹತ್ತಿರ ಇಡು. ರಾತ್ರಿ ಬದುಕೇ ಬೇಡ ಅನಿಸಿದರೆ ನನಗೆ ಕಾಯಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. "ನಾನೊಬ್ಬಳೇ ಸುಖವಾಗಿದ್ದೇನೆ" ಅನ್ನುವ ಮಾತು ಅವಳ ಬಾಯಲ್ಲಿ ಪದೇಪದೇ ಬರುತ್ತಿತ್ತು. ಅದಕ್ಕೆ ವಾದ ಮಾಡಲಿಲ್ಲ. ತಿಂಗಳಿಗೆ ಮನೆಗೆ ಕಳಿಸುವ ದುಡ್ಡಿನ ಲೆಕ್ಕ ಅವಳ ಕೈಯಲ್ಲೇ ಬರೆಸಿದೆ. ಬರೆದದ್ದನ್ನು ತುಂಬ ಹೊತ್ತು ನೋಡಿದಳು.

ಇನ್ನೊಂದು ಕೆಲಸ ಕೊಟ್ಟೆ. ಫೋನಿನಲ್ಲಿ ಅಪ್ಪನನ್ನು ಕೇಳುತ್ತಾ ಕಾಗದದ ಮೇಲೆ ಊರು ಬರೆಯಬೇಕು. ಅಪ್ಪನೂ ಅಷ್ಟರವರೆಗೆ ಶಿಬಿರದಲ್ಲಿ ಮಾತೇ ಬಿಟ್ಟಿದ್ದರಂತೆ. ಹಲಸಿನ ಮರ ಬೇಲಿಯ ಎಡಕ್ಕೋ ಬಲಕ್ಕೋ ಅಂತ ಅಪ್ಪ ಮಗಳಿಗೆ ಜೋರು ಜಗಳ ಆಯಿತಂತೆ. ಹೇಳುತ್ತಾ ನಕ್ಕಳು. ನಾನು ಅವಳ ನಗು ನೋಡಿದ್ದು ಅದೇ ಮೊದಲು.

ಆ ಕಾಗದ ತಂದು ತೋರಿಸಿದಳು. ಬಿದಿರ ಮೆಳೆ, ಶಾಲೆ, ಅತ್ತೆ ಮನೆ ಎಲ್ಲ ಇತ್ತು. ಆ ಕಡೆಯವರ ಊರಿಗೆ, ಅಲ್ಲಿನ ಸಂತೆಗೆ ಹೋಗುವ ದಾರಿಯನ್ನು ಮಾತ್ರ ಗದ್ದೆಯ ತನಕ ಎಳೆದು ನಿಲ್ಲಿಸಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಮುಂದಿನ ಗುರುವಾರಕ್ಕೆ ಸಮಯ ಬರೆದುಕೊಟ್ಟೆ.