ಶಿಕ್ಷೆ ಸಾಲದು ಅಂತ ಕೇಳೋರು ಯಾರು?

ಬ್ಯಾಡಗಿ ತಾಲ್ಲೂಕಿನ ಓದುಗರೊಬ್ಬರ ಪತ್ರ: 2021ರಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಟೆಂಪೊ ಬಡಿದು ಇವರ ಯಜಮಾನರು ತೀರಿಕೊಂಡರು. ಹೋದ ವಾರ ಮ್ಯಾಜಿಸ್ಟ್ರೇಟ್ ಕೋರ್ಟು ಡ್ರೈವರ್ ತಪ್ಪಿತಸ್ಥ ಎಂದಿತು. ಶಿಕ್ಷೆ, ಆ ದಿನದ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವುದು ಮತ್ತು ದಂಡ. "ಸಂಜಿಗೆ ನಾ ಹತ್ತಿದ ಬಸ್ಸಿಗೇ ಅಂವಾನೂ ಹತ್ತಿದ್ರಿ. ನಾನು ಅಪೀಲು ಹಾಕಬಹುದೇನ್ರಿ?"

ಅಕ್ಕಾ, ಆ ಬಸ್ಸಿನ ಮಾತು ಓದಿ ಸ್ವಲ್ಪ ಹೊತ್ತು ಪತ್ರ ಮಡಚಿಟ್ಟೆ. ಆದರೆ ದಿನ ಓಡುತ್ತಿವೆ, ಹಾಗಾಗಿ ಮೊದಲು ಉತ್ತರ. ಶಿಕ್ಷೆ ಹೆಚ್ಚಿಸಿ ಎಂದು ನೀವೇ ಅಪೀಲು ಹಾಕುವಂತಿಲ್ಲ. ಸರ್ಕಾರ ಹಾಕಬೇಕು.

ವಿಚಿತ್ರ ಅಲ್ವಾ? ಡ್ರೈವರನ್ನು ಬಿಟ್ಟೇ ಬಿಟ್ಟಿದ್ದರೆ ನೀವು ಅಪೀಲು ಹಾಕಬಹುದಿತ್ತು. ಪರಿಹಾರ ಕಡಿಮೆ ಆಯಿತು ಅಂತಲೂ ಹಾಕಬಹುದು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ನೊಂದವರಿಗೆ ಈ ಹಕ್ಕು ಕೊಟ್ಟಿತು. 'ಶಿಕ್ಷೆ ಸಾಲದು' ಎಂಬುದೊಂದೇ ಅದರಲ್ಲಿ ಸೇರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿತು. ನನಗಂತೂ ಇದು ಸರಿ ಕಾಣುವುದಿಲ್ಲ.

ಸರ್ಕಾರದ ದಾರಿ ಹಳೆಯ ಸಿಆರ್‌ಪಿಸಿಯ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 377ನೇ ಕಲಮು, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 418. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದ್ದರಿಂದ ಅಪೀಲು ಹಾವೇರಿಯ ಸೆಷನ್ಸ್ ಕೋರ್ಟಿಗೇ ಹೋಗುತ್ತದೆ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಡಬೇಕಿತ್ತು. ಅಪೀಲಿನ ಗಡುವು ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ. ತಡವಾದರೆ ಕಾರಣ ಹೇಳಿ ಮನ್ನಿಸಿ ಎಂದು ಕೇಳಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂಡಬೇಡಿ. ಸರ್ಕಾರ ಸುಮ್ನೆ ಕೂತರೆ ನೀವೇ ರಿವಿಜನ್ ಅರ್ಜಿ, ಅಂದರೆ ಕೆಳಗಿನ ಕೋರ್ಟಿನ ಆದೇಶ ಸರಿಯೇ ಎಂದು ಮೇಲಿನ ಕೋರ್ಟು ನೋಡಲಿ ಎಂಬ ಅರ್ಜಿ, ಹಾಕಬಹುದು. ಅದಕ್ಕೆ 90 ದಿನ.

ಎಷ್ಟು ಆಸೆ ಇಟ್ಟುಕೊಳ್ಳಬಹುದು? ಅಪಘಾತ 2021ರದ್ದು, ಹಾಗಾಗಿ ಹಳೆಯ ದಂಡ ಸಂಹಿತೆಯ (ಐಪಿಸಿ) 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ. ಅದರಲ್ಲಿ ಜಾಸ್ತಿ ಅಂದರೆ ಎರಡು ವರ್ಷ, ಬರೀ ದಂಡಕ್ಕೂ ಅವಕಾಶವಿದೆ. ಹೊಸ ಕಾನೂನಿನ ಐದು ವರ್ಷ ಈ ಕೇಸಿಗೆ ಬರುವುದಿಲ್ಲ. ಆದರೂ ಪಂಜಾಬಿನ ಒಂದು ಕೇಸು ನೆನಪಿಟ್ಟುಕೊಳ್ಳಿ. ಪರಿಹಾರ ಕೊಟ್ಟಿದ್ದಾನೆ ಎಂದು ಅಲ್ಲಿನ ಹೈಕೋರ್ಟು ಡ್ರೈವರನ ಒಂದು ವರ್ಷದ ಶಿಕ್ಷೆಯನ್ನು 24 ದಿನಕ್ಕೆ ಇಳಿಸಿತ್ತು. ಪಂಜಾಬ್ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2015ರಲ್ಲಿ ಅದು ಆರು ತಿಂಗಳಾಯಿತು.

ಒಂದು ಕಹಿ ಮಾತನ್ನೂ ಈಗಲೇ ಹೇಳುತ್ತೇನೆ. ಶಿಕ್ಷೆ ಹೆಚ್ಚಿಸುವ ಮೊದಲು ಕೋರ್ಟು ಡ್ರೈವರನ ಮಾತು ಕೇಳಲೇಬೇಕು. ಆಗ ಅವನು 'ನನ್ನನ್ನು ಬಿಟ್ಟೇಬಿಡಿ' ಎಂದು ವಾದಿಸಬಹುದು, ಗೆಲ್ಲಲೂಬಹುದು. ಮನೆಯಲ್ಲಿ ಕೂತು ಇದನ್ನು ಮಾತಾಡಿಕೊಳ್ಳಿ.

ಮುಂದೆ ಹೋಗುವುದಾದರೆ ತೀರ್ಪಿನ ಸರ್ಟಿಫೈಡ್ ನಕಲಿಗೆ ಸೋಮವಾರವೇ ಅರ್ಜಿ ಹಾಕಿ. ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ ಎರಡನ್ನೂ ಅದರಲ್ಲಿ ಬರೆದಿರುತ್ತಾರೆ. ನಕಲಿಗೆ ಹಿಡಿದ ದಿನಗಳು 30ರ ಲೆಕ್ಕಕ್ಕೆ ಬರುವುದಿಲ್ಲ. ಕೇಸು ನಡೆಸಿದ ಸರ್ಕಾರಿ ವಕೀಲರಿಗೆ ಒಂದು ಪುಟದ ಮನವಿ ಬರೆಯಿರಿ. ವಕೀಲರ ಖರ್ಚಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಮನವಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಹಾಕಿಸಿ ಸೀಲು ಒತ್ತಿಸಿಕೊಂಡೇ ಊರಿನ ಬಸ್ಸು ಹತ್ತಿ.

– ಸಂ.