ಮಂಗಳೂರು ಕಡೆಯ ಹಳೇ ಕೋರೆಗಳಲ್ಲಿ ಮೀನಿನ ಪಳೆಯುಳಿಕೆ ಸಿಗ್ತದಾ?

ಇಲ್ಲ ಮಾರ್ರೆ, ಸಿಗುವುದಿಲ್ಲ. ಸುತ್ತಿಗೆ, ಉಳಿ ತರುವ ಮೊದಲೇ ಹೇಳಿಬಿಡುತ್ತೇನೆ. ಎಂಟನೇ ಕ್ಲಾಸಿನ ಮಗ ಯೂಟ್ಯೂಬಿನಲ್ಲಿ ಯಾರೋ ಕಲ್ಲು ಸೀಳಿ ಮೀನು ತೆಗೆಯುವುದನ್ನು ನೋಡಿ, ಮನೆ ಹಿಂದಿನ ಕೆಂಪುಕಲ್ಲಿನ ಕೋರೆಯಲ್ಲೂ ಹುಡುಕೋಣ ಅಂತ ಹಟ ಹಿಡಿದಿದ್ದಾನೆ ಅಂತ ಬರೆದಿದ್ದೀರಿ. ಹಟ ಒಳ್ಳೆಯದೇ, ಕೋರೆ ಮಾತ್ರ ತಪ್ಪು. ಕೋರೆ ಎಷ್ಟು ಹಳತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆ ಕಲ್ಲು ಒಂದು ಕಾಲದಲ್ಲಿ ಕೆಸರಾಗಿತ್ತಾ, ಅಷ್ಟೇ ನೋಡಬೇಕು.

ನಮ್ಮ ಮುರಕಲ್ಲು, ಅಂದರೆ ಆ ಕೆಂಪುಕಲ್ಲು, ಕೆಸರಿನಿಂದ ಆದದ್ದಲ್ಲ. ಗಟ್ಟಿ ಬಂಡೆ ಈ ಕರಾವಳಿಯ ಮಳೆ, ಸೆಕೆಗೆ ಲಕ್ಷಗಟ್ಟಲೆ ವರ್ಷ ಕೊಳೆತು, ಸಿಲಿಕಾ, ಸುಣ್ಣದ ಅಂಶ ಎಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದುಕೊಂಡದ್ದು. ಹೊಸದಾಗಿ ಕೊಯ್ದ ಕಲ್ಲಿನ ಮೈಯಲ್ಲಿ ಹುಳ ಕೊರೆದಂಥ ತೂತುಗಳಿರುತ್ತವಲ್ಲ, ಒಳಗೆ ಬಿಳಿ ಅಥವಾ ಹಳದಿ ಜೇಡಿ ತುಂಬಿಕೊಂಡು? ಮಗ ಅದನ್ನು ಖಂಡಿತ ತೋರಿಸುತ್ತಾನೆ. ಅದು ಯಾವ ಜೀವಿಯ ಕೆಲಸವೂ ಅಲ್ಲ, ನೀರು ಇಳಿದ ದಾರಿ.

ಹಾಗಾದರೆ ಜಲ್ಲಿ ತೆಗೆಯುವ ಕಪ್ಪುಕಲ್ಲಿನ ಕೋರೆ? ಅದಂತೂ ಇನ್ನೂ ದೂರದ ಮಾತು. ನಮ್ಮ ಬುಡದ ಬಂಡೆ ಸುಮಾರು 300 ಕೋಟಿ ವರ್ಷ ಹಳತು, ಭೂಮಿಯ ಒಳಗೆ ಬೆಂದು ಆದದ್ದು. ಮೀನಿನ ಜಾತಿ ಹುಟ್ಟಿದ್ದೇ 50 ಕೋಟಿ ವರ್ಷದ ಆಸುಪಾಸು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದವು, ಆಗ ಸಮುದ್ರದಲ್ಲಿ ಮೀನು ಬೇಕಾದಷ್ಟಿತ್ತು. ಆದರೆ ಅದು ಲಾವಾ. ಲಾವಾದಲ್ಲಿ ಮೀನು ಉಳಿಯುತ್ತದಾ?

ಇನ್ನೊಂದು ಮಾತು. ಬಿಟ್ಟುಹೋದ ಕೋರೆಗಳು ಮಳೆಗಾಲದಲ್ಲಿ ತುಂಬುತ್ತವೆ, ಕೆಲವು ಬೇಸಿಗೆಯಲ್ಲೂ ಒಣಗುವುದಿಲ್ಲ. ಅಂಚು ನೇರ ಕೊಯ್ದಿರುವುದರಿಂದ ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಪ್ರತಿವರ್ಷ ಪೇಪರಿನಲ್ಲಿ ಓದುತ್ತೇವೆ. ಒಬ್ಬನೇ ಹೋಗಲು ಬಿಡಲೇಬೇಡಿ.

ಸರಿಯಾದ ಕೋರೆ ಹೇಗಿರುತ್ತದೆ ಅಂದರೆ, ಕೆಲಸದ ಮೇಲೆ ಅಬರ್ಡೀನ್‌ನಲ್ಲಿದ್ದಾಗ ಸ್ಕಾಟ್ಲೆಂಡಿನ ಉತ್ತರ ತುದಿಯ ಅಕನರಾಸ್ ಎಂಬಲ್ಲಿಗೆ ಹೋಗಿದ್ದೆ. ಮಾಡಿಗೆ ಹೊದಿಸುವ ಚಪ್ಪಡಿ ತೆಗೆಯುತ್ತಿದ್ದ ಕೋರೆ ಅದು, ಈಗ ಕೆಲಸ ನಿಂತಿದೆ. 38-39 ಕೋಟಿ ವರ್ಷದ ಹಿಂದೆ ಅಲ್ಲಿ ದೊಡ್ಡ ಸರೋವರ ಇತ್ತು. ಸತ್ತ ಮೀನು ಆಳಕ್ಕೆ ಇಳಿಯಿತು, ತಳದಲ್ಲಿ ಆಮ್ಲಜನಕ ಇಲ್ಲದ್ದರಿಂದ ಅದನ್ನು ಕಿತ್ತು ತಿನ್ನುವ ಪ್ರಾಣಿಗಳೂ ಇರಲಿಲ್ಲ, ಮೇಲೆ ನಯವಾದ ಕೆಸರು ಪದರ ಪದರವಾಗಿ ಕೂತಿತು. ಕೋರೆಯವರು ಬಿಸಾಡಿದ ಕಲ್ಲಿನ ರಾಶಿಯಿಂದ ಒಂದು ಚಪ್ಪಡಿ ಎತ್ತಿ, ಅಂಚನ್ನು ಮೇಲೆ ಮಾಡಿ ನಿಲ್ಲಿಸಿ, ಅಗಲ ಉಳಿಯನ್ನು ಪದರದ ಗೆರೆಗೆ ಇಟ್ಟು ಮೆಲ್ಲ ಬಡಿಯಬೇಕು. ನೀರು ಕುಡಿದ ಪ್ಲೈವುಡ್ಡಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಹೆಚ್ಚಿನವು ಖಾಲಿ. ನನಗೆ ಸಿಕ್ಕಿದ್ದು ಡಿಪ್ಟೆರಸ್ ಎಂಬ ಶ್ವಾಸಕೋಶದ ಮೀನಿನ ಹಿಂಭಾಗ ಮಾತ್ರ: ಬೂದು ಕಲ್ಲಿನ ಮೇಲೆ ಮಿರಮಿರ ಕಪ್ಪು ಕಲೆ, ಓರೆ ಹಿಡಿದರೆ ಒಂದೊಂದು ಹುರುಪೆಯೂ ಬೇರೆ ಬೇರೆ ಕಾಣುತ್ತದೆ. ತಲೆ ಇನ್ನೊಂದು ತುಂಡಿನಲ್ಲಿ ಹೋಗಿರಬೇಕು, ಸಂಜೆವರೆಗೆ ಹುಡುಕಿದರೂ ಕಾಣಲಿಲ್ಲ. ಅಲ್ಲಿ ರಾಶಿಯಲ್ಲಿ ಮಾತ್ರ ಹುಡುಕಬೇಕು, ಮಿತವಾಗಿ ತೆಗೆದುಕೊಳ್ಳಬೇಕು, ನಿಂತ ಬಂಡೆಯನ್ನು ಮುಟ್ಟಬಾರದು.

ಯೂಟ್ಯೂಬಿನಲ್ಲಿ ನೀವು ನೋಡಿದ್ದು ಬಹುಶಃ ಅಮೆರಿಕದ ವಯೋಮಿಂಗ್. ಅಲ್ಲಿ ದುಡ್ಡು ಕೊಟ್ಟು ಅಗೆಯುವ ಖಾಸಗಿ ಕೋರೆಗಳಿವೆ. ಸುಮಾರು 5 ಕೋಟಿ ವರ್ಷದ ನೈಟಿಯಾ ಎಂಬ ಪುಟ್ಟ ಮೀನು ಧಾರಾಳ, ಅದು ನಮ್ಮ ಬೂತಾಯಿಯ (ಸಾರ್ಡೀನ್) ಬಳಗದ್ದೇ. ಆನ್‌ಲೈನಿನಲ್ಲಿ ಮಾರುವ ಕಲ್ಲುಮೀನುಗಳಲ್ಲಿ ಎಷ್ಟೋ ಇದೇ ಜಾತಿ.

ಅಷ್ಟು ದೂರ ಯಾಕೆ, ರೈಲಿನಲ್ಲಿ ಕೊಲ್ಲಂಗೆ ಹೋಗಿ. ಅಷ್ಟಮುಡಿ ಹಿನ್ನೀರಿನ ದಡದಲ್ಲಿ ಪಡಪ್ಪಕ್ಕರ ಅಂತ ಊರು. ಮಯೋಸೀನ್ ಕಾಲದ, ಅಂದರೆ ಎರಡು ಕೋಟಿ ವರ್ಷದ ಆಸುಪಾಸಿನ, ಸಮುದ್ರದ ಕೆಸರು ಅಲ್ಲಿ ಸುಣ್ಣಕಲ್ಲು, ಜೇಡಿಯಾಗಿ ಉಳಿದಿದೆ. ಇಡೀ ಮೀನಿನ ಆಸೆ ಬೇಡ, ಚಿಪ್ಪುಗಳ ನಡುವೆ ತಾಟೆಯ (ಶಾರ್ಕ್) ಹಲ್ಲು, ಮೀನಿನ ಕಿವಿಗಲ್ಲು, ಅಂದರೆ ತಲೆಯೊಳಗೆ ಇರುವ ಪುಟ್ಟ ಕಲ್ಲು, ಸಿಗುವ ಜಾಗ. ತಮಿಳುನಾಡಿನ ಅರಿಯಲೂರು ಇನ್ನೂ ಶ್ರೀಮಂತ, ಅಲ್ಲಿ ಡೈನೋಸಾರ್‌ಗಳಿದ್ದ ಕ್ರೆಟೇಶಿಯಸ್ ಕಾಲದ ಸಮುದ್ರದ ಪದರಗಳಿವೆ. ಸುಣ್ಣಕಲ್ಲಿನ ಗಣಿಗಳು ಸಿಮೆಂಟ್ ಕಂಪನಿಗಳವು, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಹತ್ತಿರದ ವಾರಣವಾಸಿಯಲ್ಲಿ ಪಳೆಯುಳಿಕೆಗಳದ್ದೇ ಸರ್ಕಾರಿ ಮ್ಯೂಸಿಯಂ ಉಂಟು, ಮಗನಿಗೆ ಮೊದಲು ಅದನ್ನು ತೋರಿಸಿ.

ಹೊರಡುವ ಮೊದಲು ಮನೆಯಲ್ಲೇ ಕಣ್ಣು ಪಳಗಿಸಬಹುದು. ಮಾರ್ಕೆಟಿನಿಂದ ಕಲ್ಲೂರು ಮೀನು ತಂದರೆ ತಲೆ ಎಸೆಯಬೇಡಿ. ಸಾರು ಆದ ಮೇಲೆ ಮಿದುಳಿನ ಎರಡೂ ಬದಿ ಬಿಡಿಸಿದರೆ ದಪ್ಪ ಬಿಳಿ ಕಲ್ಲು ಜೋಡಿ ಸಿಗುತ್ತದೆ, ಬೂತಾಯಿಯಲ್ಲಿ ಅದೇ ಎಷ್ಟು ಸಣ್ಣದು ನೋಡಿ. ತಜ್ಞರು ಪದರದಿಂದ ತೊಳೆದು ತೆಗೆದ ಕಿವಿಗಲ್ಲಿನ ಜಾತಿ ಗುರುತಿಸುವುದೂ ಹೀಗೆ ಇವತ್ತಿನ ಮೀನಿನದ್ದರ ಪಕ್ಕ ಇಟ್ಟೇ. ಬಲ್ಲ ಮೀನಿನವರಲ್ಲಿ ಜಾತಿ ಕೇಳಿ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಹೆಸರು ಬರೆದಿಡಲಿ. ಪಡಪ್ಪಕ್ಕರಕ್ಕೆ ಹೋಗುವಾಗ ಆ ಪೊಟ್ಟಣಗಳು, ಒಂದು ಸಣ್ಣ ಕಣ್ಣಿನ ಜರಡಿ ಜೊತೆಗಿದ್ದರೆ ಸಾಕು.